ಆ ಕೆದರಿದ ಕೂದಲಿನ ಕುಡುಕ ಡಾಕ್ಟರ್ ಯಾರು?

ಪ್ರಶ್ನೆ: ಹಳೇ ಹಾಲಿವುಡ್ ಸಿನಿಮಾ ನೋಡುವ ಅಭ್ಯಾಸ ಈಚೆಗೆ ಶುರುವಾಗಿದೆ. ನೋಡಿದ ಮೂರು ಸಿನಿಮಾಗಳಲ್ಲಿ ಒಬ್ಬರೇ ನಟರು ಕಾಣಿಸಿಕೊಂಡರು. ಒಂದರಲ್ಲಿ ಕುದುರೆ ಗಾಡಿಯಲ್ಲಿ ಹೋಗುವ ಕುಡುಕ ಡಾಕ್ಟರ್, ಒಂದರಲ್ಲಿ ದುಡ್ಡು ಕಳೆದುಕೊಂಡು ಅಳುವ ಚಿಕ್ಕಪ್ಪ, ಇನ್ನೊಂದರಲ್ಲಿ ವಿವಿಯನ್ ಲೀ ಅವರ ಅಪ್ಪ. ಯಾರು ಇವರು? ಇಷ್ಟು ಚೆನ್ನಾಗಿ ಮಾಡುವವರು ಹೀರೋ ಯಾಕೆ ಆಗಲಿಲ್ಲ? ಅಲ್ಲಿ ಪೋಷಕ ನಟರಿಗೆ ಬೆಲೆ ಇತ್ತಾ? ಇವರ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರ ಹೆಸರು ಥಾಮಸ್ ಮಿಚೆಲ್. ನೀವು ನೋಡಿದ ಮೂರೂ ಪಾತ್ರ ಅವರದೇ. ಡಾಕ್ಟರ್ 'ಸ್ಟೇಜ್‌ಕೋಚ್' ಸಿನಿಮಾದ ಡಾಕ್ ಬೂನ್. ಚಿಕ್ಕಪ್ಪ 'ಇಟ್ಸ್ ಅ ವಂಡರ್‌ಫುಲ್ ಲೈಫ್'ನ ಅಂಕಲ್ ಬಿಲ್ಲಿ. ಅಪ್ಪ 'ಗಾನ್ ವಿತ್ ದ ವಿಂಡ್'ನ ಜೆರಾಲ್ಡ್ ಒ'ಹಾರ. ನಿಮ್ಮ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಈ ಮನುಷ್ಯನನ್ನು ಜನ ನೋಡುತ್ತಾರೆ, ಇಷ್ಟಪಡುತ್ತಾರೆ, ಆದರೆ ಹೆಸರು ಕೇಳುವವರು ಕಡಿಮೆ. ನೀವು ಕೇಳಿದಿರಿ.

ಮೊದಲು 1939ನೇ ಇಸವಿ ನೋಡಿ. ಆ ಒಂದೇ ವರ್ಷದಲ್ಲಿ ಮಿಚೆಲ್ ಇದ್ದ ಐದು ಸಿನಿಮಾ ತೆರೆಗೆ ಬಂದವು. ವರ್ಷದ ಆರಂಭದಲ್ಲಿ ಜಾನ್ ಫೋರ್ಡ್ ಅವರ 'ಸ್ಟೇಜ್‌ಕೋಚ್'. ಮೇ ತಿಂಗಳಲ್ಲಿ ಹೊವಾರ್ಡ್ ಹಾಕ್ಸ್ ಅವರ 'ಓನ್ಲಿ ಏಂಜೆಲ್ಸ್ ಹ್ಯಾವ್ ವಿಂಗ್ಸ್'. ಅಕ್ಟೋಬರ್‌ನಲ್ಲಿ ಫ್ರಾಂಕ್ ಕಾಪ್ರಾ ಅವರ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್'. ಡಿಸೆಂಬರ್‌ನಲ್ಲಿ 'ಗಾನ್ ವಿತ್ ದ ವಿಂಡ್', ಜೊತೆಗೇ ಚಾರ್ಲ್ಸ್ ಲಾಟನ್ ಗೂನುಬೆನ್ನಿನವನಾಗಿ ಮಾಡಿದ 'ದ ಹಂಚ್‌ಬ್ಯಾಕ್ ಆಫ್ ನೋಟ್ರಡಾಮ್'. ಇವು ಸುಮ್ನೆ ಬಂದು ಹೋದ ಸಿನಿಮಾಗಳಲ್ಲ, ಎಂಟು ದಶಕ ಕಳೆದರೂ ಜನ ನೋಡುತ್ತಿರುವ ಸಿನಿಮಾಗಳು. ಆ ವರ್ಷ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ಹತ್ತು ಸಿನಿಮಾ ಕಣದಲ್ಲಿದ್ದವು. ಅದರಲ್ಲಿ ಮೂರರಲ್ಲಿ ಮಿಚೆಲ್ ಇದ್ದರು. ಗೆದ್ದದ್ದು 'ಗಾನ್ ವಿತ್ ದ ವಿಂಡ್'. ಅದರಲ್ಲೂ ಅವರಿದ್ದರು.

ಕುಡುಕ ಡಾಕ್ಟರ್, ಕಣ್ಣು ಮಂದವಾಗುತ್ತಿರುವ ಪೈಲಟ್, ವಾಷಿಂಗ್ಟನ್ನಿನ ಪತ್ರಕರ್ತ, ಐರಿಷ್ ಮೂಲದ ಜಮೀನ್ದಾರ, ಪ್ಯಾರಿಸ್ಸಿನ ಭಿಕ್ಷುಕರ ರಾಜ. ಒಬ್ಬನೇ ಮನುಷ್ಯ, ಒಂದೇ ವರ್ಷ. ಹೀರೋ ಆದವರಿಗೆ ಇಷ್ಟು ಬಗೆಯ ಪಾತ್ರ ಒಂದೇ ವರ್ಷದಲ್ಲಿ ಸಿಗುವುದು ಕಷ್ಟವಿತ್ತು. ಜನ ಹೀರೋನನ್ನು ನೋಡಲು ಬರುತ್ತಿದ್ದುದೇ ಅವನು ಹೋದ ಸಲದ ಹಾಗೇ ಇರುತ್ತಾನೆ ಎಂಬ ನಂಬಿಕೆಯಿಂದ. ಪೋಷಕ ನಟನಿಗೆ ಆ ಕಟ್ಟುಪಾಡು ಒಂಚೂರು ಸಡಿಲ.

ಇನ್ನು ಹೀರೋ ಯಾಕೆ ಆಗಲಿಲ್ಲ ಅಂತ ಕೇಳಿದಿರಿ. ನೇರ ಉತ್ತರ ವಯಸ್ಸು. ಮಿಚೆಲ್ ಹುಟ್ಟಿದ್ದು 1892ರ ಜುಲೈ 11ರಂದು, ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಲ್ಲಿ. ಅಪ್ಪ ಅಮ್ಮ ಐರ್ಲೆಂಡಿನಿಂದ ವಲಸೆ ಬಂದವರು. ಮನೆಯಲ್ಲಿ ಪತ್ರಿಕೆ ಕೆಲಸದವರು ಇದ್ದರು, ಇವರೂ ಹುಡುಗರಾಗಿದ್ದಾಗ ವರದಿಗಾರರಾಗಿ ಶುರು ಮಾಡಿದವರೇ. ಆಮೇಲೆ ನಾಟಕದ ಹುಚ್ಚು ಹಿಡಿಯಿತು. 1913ರ ಹೊತ್ತಿಗೆ ಚಾರ್ಲ್ಸ್ ಕೋಬರ್ನ್ ಅವರ ತಂಡದ ಜೊತೆ ಊರೂರು ಸುತ್ತಿ ಷೇಕ್ಸ್‌ಪಿಯರ್ ಆಡಿದರು. (ಈ ಕೋಬರ್ನ್ ಕೂಡ ಮುಂದೆ ಹಾಲಿವುಡ್ಡಿನ ದೊಡ್ಡ ಪೋಷಕ ನಟರಾದರು, ಅವರಿಗೂ ಆಸ್ಕರ್ ಬಂತು.) ನಂತರ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಭೂಮಿ. ಅಲ್ಲಿ ಬರೀ ನಟನೆ ಅಲ್ಲ, ನಾಟಕ ಬರೆದರು, ನಿರ್ದೇಶನ ಮಾಡಿದರು. 1928ರಲ್ಲಿ ಫ್ಲಾಯ್ಡ್ ಡೆಲ್ ಜೊತೆ ಸೇರಿ ಬರೆದ 'ಲಿಟಲ್ ಆಕ್ಸಿಡೆಂಟ್' ಗೆದ್ದು, ಆಮೇಲೆ ಅದನ್ನು ಸಿನಿಮಾನೂ ಮಾಡಿದರು. ಮಿಚೆಲ್ ಕ್ಯಾಮೆರಾ ಮುಂದೆ ಗಟ್ಟಿಯಾಗಿ ನೆಲೆ ನಿಂತದ್ದು 1936ರಲ್ಲಿ. ಆಗ ಅವರಿಗೆ 44 ವರ್ಷ. ದುಂಡು ಮುಖ, ದಪ್ಪ ಮೂಗು, ಎಷ್ಟು ಬಾಚಿದರೂ ಮಾತು ಕೇಳದ ಕೂದಲು.

ಆ ವಯಸ್ಸಿಗೆ ಬಂದವರು ಹೀರೋ ಆಗುವ ಮಾತೇ ಇರಲಿಲ್ಲ. ಆದರೆ ಅವರು ಖಾಲಿ ಕೈಯಲ್ಲಿ ಬಂದವರಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ರಂಗಭೂಮಿಯಲ್ಲಿ ದುಡಿದಿದ್ದರು. ಬರಹಗಾರರಾದ್ದರಿಂದ ಒಂದು ದೃಶ್ಯ ಯಾಕಿದೆ, ಅದರಲ್ಲಿ ತನ್ನ ಮಾತು ಯಾರ ಸಲುವಾಗಿ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ನನ್ನ ಪ್ರಕಾರ ಅವರ ಗುಟ್ಟು ಇದೇ. ತನ್ನ ದೃಶ್ಯದಲ್ಲೂ ಅವರು ಎದುರಿಗಿರುವವನನ್ನು ಬೆಳೆಸುತ್ತಾರೆ. ಕನ್ನಡದಲ್ಲಿ ನಾವು 'ಪೋಷಕ ನಟ' ಅನ್ನುತ್ತೇವಲ್ಲ, ಎಷ್ಟು ಸರಿಯಾದ ಮಾತು ಅದು. ಪೋಷಿಸುವವನು. ತಾಯಿ ಮಗುವಿಗೆ, ನೀರು ಗಿಡಕ್ಕೆ ಮಾಡುವ ಕೆಲಸ. ಮಿಚೆಲ್ ಅವರ ಪಾತ್ರಗಳನ್ನು ಈ ಮಾತು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಸಲ ನೋಡಿ, ಬೇರೆಯೇ ಕಾಣುತ್ತವೆ.

'ಸ್ಟೇಜ್‌ಕೋಚ್' ತೆಗೆದುಕೊಳ್ಳೋಣ. ಅದು ಬರುವ ಹೊತ್ತಿಗೆ ಜಾನ್ ವೇನ್ ಇನ್ನೂ ಜಾನ್ ವೇನ್ ಆಗಿರಲಿಲ್ಲ. ಹತ್ತು ವರ್ಷದಿಂದ ಕಡಿಮೆ ದುಡ್ಡಿನ ಕೌಬಾಯ್ ಸಿನಿಮಾಗಳಲ್ಲಿ ಓಡಾಡುತ್ತಿದ್ದ ನಟ. ಈ ಸಿನಿಮಾ ಅವರನ್ನು ಮೇಲೆತ್ತಿತು. ಎತ್ತಿದವರಲ್ಲಿ ಫೋರ್ಡ್ ಮೊದಲಿಗರು, ಆದರೆ ಆ ಗಾಡಿಯೊಳಗೆ ಕೂತ ಮಿಚೆಲ್ ಅವರ ಕೈಯೂ ಇದೆ. ವೇನ್ ಮಾಡಿದ ರಿಂಗೋ ಎಂಬ, ಜೈಲಿನಿಂದ ತಪ್ಪಿಸಿಕೊಂಡ ಹುಡುಗ ಗಾಡಿ ಹತ್ತುತ್ತಾನೆ. ಎಲ್ಲರಿಗೂ ಅವನು ಅಪರಾಧಿ. ಡಾಕ್ ಬೂನ್ ಮಾತ್ರ ಅವನನ್ನು ದಿಟ್ಟಿಸಿ ನೋಡಿ, ನಿನ್ನ ಕೈ ಮುರಿದಾಗ ನಾನೇ ಅಲ್ವಾ ಕಟ್ಟಿದ್ದು ಎಂದು ಕೇಳುತ್ತಾನೆ. ಅದು ನನ್ನ ತಮ್ಮ, ನೀವು ಕುಡಿದಿದ್ದರೂ ಕೆಲಸ ಚೆನ್ನಾಗಿ ಮಾಡಿದಿರಿ ಎಂದು ರಿಂಗೋ ಹೇಳುತ್ತಾನೆ. ಡಾಕ್ಟರ್ ಮುಖ ಅರಳುತ್ತದೆ. ವೃತ್ತಿಯ ಹೊಗಳಿಕೆ ಯಾವತ್ತೂ ಹಿತ ಅನ್ನುತ್ತಾನೆ. ಆಮೇಲೆ ಆ ಹುಡುಗ ಏನಾದ ಅಂತ ವಿಚಾರಿಸುತ್ತಾನೆ. ಕೊಲೆಯಾದ ಎಂಬ ಉತ್ತರ ಬರುತ್ತದೆ. ನಗು ಇದ್ದ ಮುಖ ಅಲ್ಲೇ ನಿಂತುಬಿಡುತ್ತದೆ. ಇಷ್ಟೇ ದೃಶ್ಯ. ಒಂದು ನಿಮಿಷವೂ ಇಲ್ಲ. ಆದರೆ ಇದು ಮುಗಿಯುವಷ್ಟರಲ್ಲಿ ರಿಂಗೋ ಒಳ್ಳೆಯ ಮನೆಯ ಹುಡುಗ, ಅವನ ಸಿಟ್ಟಿಗೆ ಕಾರಣವಿದೆ ಎಂಬುದು ನಮ್ಮ ಮನಸ್ಸಿಗೆ ಇಳಿದಿರುತ್ತದೆ. ಅದನ್ನು ವೇನ್ ಹೇಳಿಕೊಂಡಿದ್ದರೆ ಸಪ್ಪೆಯಾಗುತ್ತಿತ್ತು. ಮಿಚೆಲ್ ಕೇಳಿಸಿಕೊಂಡದ್ದರಿಂದ ಅದು ಗಟ್ಟಿಯಾಯಿತು.

ಅದೇ ಸಿನಿಮಾದ ಹೆರಿಗೆ ದೃಶ್ಯ ನಿಮಗೆ ನೆನಪಿರಲೇಬೇಕು. ಮರಳುಗಾಡಿನ ನಡುವಿನ ತಂಗುದಾಣ. ಸೈನ್ಯದ ಅಧಿಕಾರಿಯೊಬ್ಬನ ಹೆಂಡತಿಗೆ ಹೆರಿಗೆ ಸಮಯ ಬಂದಿದೆ. ಇರುವ ಒಬ್ಬನೇ ಡಾಕ್ಟರ್ ಕಂಠಪೂರ್ತಿ ಕುಡಿದು ತೂರಾಡುತ್ತಿದ್ದಾನೆ, ಅದೂ ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತಿದ್ದ ವಿಸ್ಕಿ ವ್ಯಾಪಾರಿಯ ಸ್ಯಾಂಪಲ್ ಬಾಟಲಿಗಳನ್ನು ಒಂದೊಂದಾಗಿ ಖಾಲಿ ಮಾಡಿ. ಜನ ಅಸಹ್ಯದಿಂದ ಬೈಯುತ್ತಾರೆ. ಅವನು ಕೋಟು ಕಳಚುತ್ತಾನೆ. ಕಾಫಿ ಕೊಡಿ ಅನ್ನುತ್ತಾನೆ, ಕಪ್ಪು ಕಾಫಿ, ಇನ್ನೂ ಕಪ್ಪು, ಇನ್ನೂ. ಲೋಟದ ಮೇಲೆ ಲೋಟ ಗಂಟಲಿಗೆ ಸುರಿದುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ವಾಂತಿ ಮಾಡಿ, ತಲೆಗೆ ನೀರು ಹೊಯ್ಯಿಸಿಕೊಂಡು, ಆ ಕುಡುಕನ ಒಳಗಿಂದ ಒಬ್ಬ ಡಾಕ್ಟರನ್ನು ಎಳೆದು ಹೊರಗೆ ತರುತ್ತಾನೆ. ಮಿಚೆಲ್ ಇಲ್ಲಿ ನಗಿಸುವುದಿಲ್ಲ. ಅಲ್ಲಿಯವರೆಗೆ ನಗಿಸಿದ್ದ ಅದೇ ಮುಖದಲ್ಲಿ ಈಗ ಭಯ ಇದೆ. ಎಷ್ಟೋ ವರ್ಷದಿಂದ ಮುಟ್ಟದ ತನ್ನ ವಿದ್ಯೆ ಕೈಗೆ ಸಿಗುತ್ತದೋ ಇಲ್ಲವೋ ಎಂಬ ಭಯ.

ಕೊನೆಯಲ್ಲಿ ಲಾರ್ಡ್ಸ್‌ಬರ್ಗ್ ಊರಿನ ಸಲೂನಿನ ದೃಶ್ಯ. (ಸಲೂನು ಅಂದರೆ ಅಲ್ಲಿ ಹೆಂಡದಂಗಡಿ.) ರಿಂಗೋನ ತಮ್ಮನನ್ನು ಕೊಂದ ಲೂಕ್ ಪ್ಲಮರ್ ನಾಡಬಂದೂಕಿನಂಥ ದೊಡ್ಡ ಶಾಟ್‌ಗನ್ ಹಿಡಿದು ಹೊರಗೆ ಹೊರಟಿದ್ದಾನೆ. ಡಾಕ್ ಬೂನ್ ದಾರಿಗೆ ಅಡ್ಡ ನಿಲ್ಲುತ್ತಾನೆ. ಆ ಬಂದೂಕು ಇಲ್ಲಿ ಕೊಡು, ಇಲ್ಲದಿದ್ದರೆ ನಿನ್ನ ಮೇಲೆ ಕೊಲೆ ಕೇಸು ಹಾಕಿಸುತ್ತೇನೆ ಅನ್ನುತ್ತಾನೆ. ಕೈಯಲ್ಲಿ ಏನೂ ಇಲ್ಲ. ದನಿ ಏರಿಸುವುದಿಲ್ಲ. ಲೂಕ್ ಬಂದೂಕು ಬಿಟ್ಟು ಹೋಗುತ್ತಾನೆ. ಆಗ ಡಾಕ್ಟರ್ ಹೆಂಡದಂಗಡಿಯವನ ಕಡೆ ತಿರುಗಿ, ಇನ್ನೊಂದು ಸಲ ನನಗೆ ಹೀಗೆ ಮಾಡಲು ಬಿಡಬೇಡ ಅನ್ನುತ್ತಾನೆ. ಧೈರ್ಯ ಅಂದರೆ ಏನು ಅಂತ ಆ ಒಂದು ಮಾತಿನಲ್ಲಿ ಇದೆ. ಹೆದರಿಕೆ ಇಲ್ಲದವನು ಮಾಡಿದ ಕೆಲಸ ಅಲ್ಲ ಅದು, ಹೆದರಿ ನಡುಗಿದವನು ಮಾಡಿದ್ದು. ಹೀರೋಗೆ ಈ ಮಾತು ಬರೆಯಲು ಆಗುವುದಿಲ್ಲ. ಹೀರೋ ಹೆದರಿದೆ ಎಂದು ಹೇಳಿಕೊಂಡರೆ ಜನ ಒಪ್ಪುತ್ತಿರಲಿಲ್ಲ. ಹೀಗಾಗಿ ಇಂಥ ನಿಜವೆಲ್ಲ ಪೋಷಕ ನಟರ ಪಾಲಿಗೆ ಬರುತ್ತಿತ್ತು.

ಈ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. 1940ರ ಫೆಬ್ರವರಿ 29ರ ರಾತ್ರಿ. ಎದುರು ಇದ್ದವರು ಕ್ಲಾಡ್ ರೇನ್ಸ್, ಹ್ಯಾರಿ ಕ್ಯಾರಿ, ಬ್ರಯಾನ್ ಡಾನ್‌ಲೆವಿ, ಬ್ರಯಾನ್ ಅಹರ್ನ್. ಅಷ್ಟು ಹೊತ್ತಿಗೆ ಇದೇ ಫೋರ್ಡ್ ಅವರ 'ದ ಹರಿಕೇನ್' (1937) ಸಿನಿಮಾದಲ್ಲಿ ಇನ್ನೊಬ್ಬ ಕುಡುಕ ಡಾಕ್ಟರ್ ಆಗಿ ಒಂದು ಸಲ ನಾಮನಿರ್ದೇಶನವೂ ಆಗಿತ್ತು.

ಬೆಲೆ ಇತ್ತಾ ಅಂತ ಕೇಳಿದಿರಲ್ಲ, ಈ ಆಸ್ಕರ್ ವಿಷಯದಲ್ಲೇ ಅದಕ್ಕೆ ಉತ್ತರ ಇದೆ. ಆಸ್ಕರ್ ಕೊಡುವುದು ಶುರುವಾಗಿದ್ದು 1929ರಲ್ಲಿ. ಪೋಷಕ ನಟ ನಟಿಯರಿಗೆ ಬೇರೆ ಪ್ರಶಸ್ತಿ ಇಟ್ಟದ್ದು 1936ರ ಸಿನಿಮಾಗಳಿಂದ, ಅದು ಮೊದಲು ಸಿಕ್ಕಿದ್ದು ವಾಲ್ಟರ್ ಬ್ರೆನನ್ ಎಂಬ ಇನ್ನೊಬ್ಬ ದೈತ್ಯನಿಗೆ. ಆದರೆ ಮೊದಲ ಏಳು ವರ್ಷ ಪೋಷಕ ನಟರಿಗೆ ಆ ಚಿನ್ನದ ಬಣ್ಣದ ಪ್ರತಿಮೆ ಕೊಡುತ್ತಿರಲಿಲ್ಲ. ಒಂದು ಫಲಕ ಕೊಡುತ್ತಿದ್ದರು. ಮಿಚೆಲ್ ಅವರಿಗೆ ಸಿಕ್ಕಿದ್ದೂ ಫಲಕವೇ. ಅದೇ ರಾತ್ರಿ 'ಗಾನ್ ವಿತ್ ದ ವಿಂಡ್'ಗಾಗಿ ಪೋಷಕ ನಟಿ ಪ್ರಶಸ್ತಿ ಗೆದ್ದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೂ ಫಲಕ. ಆಸ್ಕರ್ ಗೆದ್ದ ಮೊದಲ ಕಪ್ಪು ಜನಾಂಗದ ಕಲಾವಿದೆ ಅವರು. ಎಲ್ಲರಿಗೂ ಒಂದೇ ಥರದ ಪ್ರತಿಮೆ ಬಂದದ್ದು 1944ರ ಸಮಾರಂಭದಿಂದ. ನನಗೆ ಇದು ಈಗಲೂ ಬೇಸರ ತರಿಸುತ್ತದೆ. ಸಿನಿಮಾವನ್ನು ಹೆಗಲ ಮೇಲೆ ಹೊತ್ತವರಿಗೆ ಹಲಗೆ, ಪೋಸ್ಟರ್ ಮೇಲೆ ಇದ್ದವರಿಗೆ ಪ್ರತಿಮೆ.

ಹಾಗಂತ ಕೆಲಸಕ್ಕೆ ಬರ ಇರಲಿಲ್ಲ. ಆಗ ದೊಡ್ಡ ಸ್ಟುಡಿಯೋಗಳು ವಾರಕ್ಕೊಂದರಂತೆ ಸಿನಿಮಾ ಹೊರಡಿಸುತ್ತಿದ್ದ ಕಾಲ. ಕಥೆ ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಪ್ರತಿ ಪಾತ್ರದ ಹಿಂದಿನ ಕಥೆ ಹೇಳುತ್ತಾ ಕೂರಲು ಪುರುಸೊತ್ತಿಲ್ಲ. ಬಾಗಿಲು ತೆರೆದು ಒಳಗೆ ಬಂದ ಕೂಡಲೇ ಇವನು ಎಂಥವನು ಅಂತ ಜನಕ್ಕೆ ಗೊತ್ತಾಗಬೇಕು. ಮುಖ ನೋಡಿದರೆ ಬದುಕು ಕಾಣಬೇಕು. ಅಂಥ ಮುಖಗಳಿಗೆ ತುಂಬಾ ಬೇಡಿಕೆ ಇತ್ತು. ಅದಕ್ಕೇ ಹೀರೋ ಹೀರೋಯಿನ್ ಬದಲಾದರೂ ಸುತ್ತ ಇರುವವರು ಅವರೇ ಇರುತ್ತಿದ್ದರು. ಹೀರೋಗೆ ಸುಕ್ಕು ಬಂದರೆ ಕಷ್ಟ, ಇವರಿಗೆ ಸುಕ್ಕೇ ಬಂಡವಾಳ. ಮಿಚೆಲ್ 1961ರವರೆಗೂ, ಅಂದರೆ ಅರವತ್ತೊಂಬತ್ತರ ವಯಸ್ಸಿನವರೆಗೂ ಸಿನಿಮಾ ಮಾಡಿದರು. ಐವತ್ತಕ್ಕೂ ಜಾಸ್ತಿ ಸಿನಿಮಾ.

ಇದರ ಇನ್ನೊಂದು ಮುಖವೂ ಇದೆ. ಒಂದು ಸಲ ಗೆದ್ದ ಪಾತ್ರವನ್ನೇ ಮತ್ತೆ ಮತ್ತೆ ಕೊಡುತ್ತಿದ್ದರು. ಮಿಚೆಲ್ ಅವರಿಗೆ ಬಾಟಲಿ ಕೊಟ್ಟರು. ಹರಿಕೇನ್ ಡಾಕ್ಟರ್ ಕುಡುಕ, ಡಾಕ್ ಬೂನ್ ಕುಡುಕ, ಮಿಸ್ಟರ್ ಸ್ಮಿತ್‌ನ ಪತ್ರಕರ್ತ ಡಿಜ್ ಕುಡುಕ, ಅಂಕಲ್ ಬಿಲ್ಲಿಗೂ ಬಾಟಲಿಯ ಸಹವಾಸ. ಬೇರೆ ಯಾರಾದರೂ ಆಗಿದ್ದರೆ ಎಲ್ಲರೂ ಒಂದೇ ಥರ ತೊದಲುತ್ತಿದ್ದರು. ಮಿಚೆಲ್ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣ ಕೊಟ್ಟರು. ಡಾಕ್ ಬೂನ್ ಕುಡಿದಷ್ಟೂ ಮಾತು ಗಂಭೀರ, ಬೆನ್ನು ನೆಟ್ಟಗೆ. ಊರು ತನ್ನನ್ನು ಓಡಿಸಿದರೂ ಮರ್ಯಾದೆ ಬಿಟ್ಟುಕೊಡಬಾರದು ಎಂಬ ಹಟ. ಡಿಜ್ ಕುಡಿಯುವುದು ಪ್ರೀತಿಗಾಗಿ. ಜೀನ್ ಆರ್ಥರ್ ಮಾಡಿದ ಸಾಂಡರ್ಸ್ ಎಂಬ ಹೆಣ್ಣನ್ನು ಅವನು ಮದುವೆಯಾಗಲು ಕಾದಿದ್ದಾನೆ, ಅವಳ ಮನಸ್ಸು ಸಿನಿಮಾದ ಹೀರೋ ಸ್ಮಿತ್ ಕಡೆ ವಾಲಿದ್ದು ಅವಳಿಗಿಂತ ಮೊದಲು ಅವನಿಗೇ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅವಳ ಪಕ್ಕದಲ್ಲೇ ಇರುತ್ತಾನೆ. ಅಂಕಲ್ ಬಿಲ್ಲಿಯದು ಮರೆವಿನ ಮನುಷ್ಯ ಇನ್ನಷ್ಟು ಮರೆಯುವ ಕುಡಿತ.

ಈ ಅಂಕಲ್ ಬಿಲ್ಲಿಯ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಮಿಚೆಲ್ ಅವರ ಮುಖ ಇವತ್ತಿಗೂ ಉಳಿದಿದ್ದರೆ ಈ ಪಾತ್ರದಿಂದ. 'ಇಟ್ಸ್ ಅ ವಂಡರ್‌ಫುಲ್ ಲೈಫ್' ಬಂದಾಗ ಹಾಕಿದ ದುಡ್ಡು ಬರಲಿಲ್ಲ. 1974ರಲ್ಲಿ ಅದರ ಕಾಪಿರೈಟ್ ನವೀಕರಣ ತಪ್ಪಿಹೋಯಿತು, ದುಡ್ಡು ಕೊಡುವ ಹಂಗಿಲ್ಲದೆ ಟಿವಿ ಚಾನೆಲ್‌ಗಳು ಪ್ರತಿ ಕ್ರಿಸ್‌ಮಸ್‌ಗೂ ಹಾಕಲು ಶುರು ಮಾಡಿದವು, ಒಂದು ತಲೆಮಾರೇ ಅದನ್ನು ನೋಡುತ್ತಾ ಬೆಳೆಯಿತು. ಬಿಲ್ಲಿ ತಮ್ಮ ಮನೆಯವರ ಸಾಲ ಸಂಸ್ಥೆಯ 8,000 ಡಾಲರ್ ಬ್ಯಾಂಕಿಗೆ ಕಟ್ಟಲು ಹೋಗುತ್ತಾನೆ. ಅಲ್ಲಿ ಗಾಲಿಕುರ್ಚಿಯಲ್ಲಿ ಊರಿನ ಜಿಪುಣ ಸಾಹುಕಾರ ಪಾಟರ್. ಬಿಲ್ಲಿಯ ಅಣ್ಣನ ಮಗನಿಗೆ ಯುದ್ಧದ ದೊಡ್ಡ ಪದಕ ಬಂದ ಸುದ್ದಿ ಪೇಪರಿನಲ್ಲಿದೆ. ಹೆಮ್ಮೆ ತಡೆಯಲಾಗದೆ ಬಿಲ್ಲಿ ಪೇಪರನ್ನು ಪಾಟರ್ ಮುಖಕ್ಕೆ ಹಿಡಿದು ಹಂಗಿಸುತ್ತಾನೆ. ಹಂಗಿಸುತ್ತಾ ಹಂಗಿಸುತ್ತಾ ದುಡ್ಡಿನ ಕವರನ್ನೂ ಪೇಪರಿನೊಳಗೆ ಮಡಚಿ ಪಾಟರ್ ಮಡಿಲಿಗೆ ಹಾಕಿಬಿಡುತ್ತಾನೆ. ಜೀವನದಲ್ಲಿ ಒಂದೇ ಒಂದು ಸಲ ಎದೆ ಎತ್ತಿ ಮಾತಾಡಿದ, ಅದೇ ಕ್ಷಣ ಎಲ್ಲವೂ ಹೋಯಿತು.

ಆಮೇಲಿನ ದೃಶ್ಯ ಅವನ ಮನೆಯಲ್ಲಿ. ಮರೆತುಹೋಗಬಾರದು ಅಂತ ಬೆರಳಿಗೆ ದಾರ ಕಟ್ಟಿಕೊಳ್ಳುವ ಮನುಷ್ಯ ಅವನು. ಜೇಮ್ಸ್ ಸ್ಟುವರ್ಟ್ ಮಾಡಿದ ಜಾರ್ಜ್, ಆ ಪದಕ ಬಂದವನ ಅಣ್ಣ, ಬಿಲ್ಲಿಯ ಕಾಲರ್ ಹಿಡಿದು ಅಲ್ಲಾಡಿಸಿ, ದುಡ್ಡು ಎಲ್ಲಿ ಅಂತ ಕಿರುಚುತ್ತಾನೆ, ಮುದಿ ಮೂರ್ಖ ಅಂತ ಬೈಯುತ್ತಾನೆ. ಬಿಲ್ಲಿ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಾನೆ. ಅವನು ಸಾಕಿದ ಅಳಿಲೊಂದು ಬಂದು ತೋಳಿನ ಮೇಲೆ ಹತ್ತುತ್ತದೆ. ಸ್ಟುವರ್ಟ್ ಅಂಥ ಒಳ್ಳೆಯ ಮನುಷ್ಯನ ಪಾತ್ರ ಮಾಡುವವರು ಇಷ್ಟು ಕ್ರೂರವಾಗಿ ನಡೆದುಕೊಂಡದ್ದು ನಮಗೆ ನಾಟುವುದು ಯಾಕೆ? ಮಿಚೆಲ್ ಅದನ್ನು ಅಷ್ಟು ಅಸಹಾಯಕವಾಗಿ ಸಹಿಸಿಕೊಳ್ಳುತ್ತಾರೆ. ತಿರುಗಿ ಒಂದು ಮಾತಿಲ್ಲ. ಹೊಡೆತ ತಿನ್ನುವವನು ಸರಿಯಾಗಿ ತಿಂದರೆ ತಾನೇ ಹೊಡೆದವನ ಪಾಪ ಕಾಣುವುದು. ಜಾರ್ಜ್ ಆ ರಾತ್ರಿ ಸೇತುವೆಯಿಂದ ಹಾರಲು ಹೊರಡುತ್ತಾನೆ ಎಂಬುದನ್ನು ನಾವು ನಂಬುವುದಕ್ಕೆ ಅರ್ಧ ಕಾರಣ ಇಲ್ಲಿದೆ.

ಜೆರಾಲ್ಡ್ ಒ'ಹಾರ ಬಗ್ಗೆ ಒಂದೇ ದೃಶ್ಯ ಹೇಳುತ್ತೇನೆ. ಅಮೆರಿಕದ ಅಂತರ್ಯುದ್ಧದಲ್ಲಿ ಎಲ್ಲ ಸುಟ್ಟುಹೋಗಿದೆ. ವಿವಿಯನ್ ಲೀ ಮಾಡಿದ ಮಗಳು ಸ್ಕಾರ್ಲೆಟ್ ತವರಿಗೆ ಬಂದರೆ ಅಮ್ಮ ಆಗಲೇ ತೀರಿಕೊಂಡಿದ್ದಾಳೆ. ಅಪ್ಪ ಒಂದು ಪೆಟ್ಟಿಗೆ ಹಿಡಿದು ಕೂತು, ನಮ್ಮ ಹತ್ತಿರ ಬಾಂಡುಗಳಿವೆ ಅನ್ನುತ್ತಾನೆ. ಸೋತ ಸರ್ಕಾರದ ಬಾಂಡುಗಳು, ಕಾಸಿಗೂ ಬಾಳುವುದಿಲ್ಲ. ಮುಂದೆ ಏನು ಮಾಡೋಣ ಅಂದರೆ, ನಿಮ್ಮಮ್ಮನನ್ನು ಕೇಳೋಣ ಅನ್ನುತ್ತಾನೆ. ಅದನ್ನು ಮಿಚೆಲ್ ತೀರಾ ಸಾಧಾರಣವಾಗಿ, ಅಡುಗೆಮನೆಯಲ್ಲಿ ಹೆಂಡತಿ ಇದ್ದಾಳೆ ಎಂಬಷ್ಟು ಸಹಜವಾಗಿ ಹೇಳುತ್ತಾರೆ. ಹುಚ್ಚು ಅಂತ ಕಣ್ಣು ತಿರುಗಿಸುವುದಿಲ್ಲ, ಕೂಗುವುದಿಲ್ಲ. ಆ ಕ್ಷಣ ಸ್ಕಾರ್ಲೆಟ್ ಮನೆಯ ಯಜಮಾನಿ ಆಗಲೇಬೇಕಾಯಿತು ಎಂಬುದು ನಮಗೆ ಗೊತ್ತಾಗಿಬಿಡುತ್ತದೆ. ಆಗ ಮಿಚೆಲ್‌ಗೆ 46 ಕಳೆದಿತ್ತು ಅಷ್ಟೇ, ವಿವಿಯನ್ ಲೀಗಿಂತ 21 ವರ್ಷ ದೊಡ್ಡವರು.

ಸೆಟ್ಟಿನಲ್ಲಿ ಅವರು ಮೆತ್ತಗಿನ ಮನುಷ್ಯರೇನೂ ಆಗಿರಲಿಲ್ಲ ಅನ್ನುತ್ತಾರೆ. ಫೋರ್ಡ್ ತಮ್ಮ ನಟರನ್ನು ಎಲ್ಲರೆದುರು ಹೀನಾಯವಾಗಿ ಬೈಯುವುದಕ್ಕೆ ಹೆಸರಾದವರು. 'ಸ್ಟೇಜ್‌ಕೋಚ್' ಸಮಯದಲ್ಲಿ ಹೀಗೇ ಬೈದಾಗ ಮಿಚೆಲ್, ನಾನು 'ಮೇರಿ ಆಫ್ ಸ್ಕಾಟ್ಲೆಂಡ್' ನೋಡಿದ್ದೇನೆ ಎಂದಷ್ಟೇ ಹೇಳಿದರಂತೆ. ಅದು ಫೋರ್ಡ್ ಅವರ ಸೋತ ಸಿನಿಮಾ. ಫೋರ್ಡ್ ಸುಮ್ಮನಾದರು ಎಂಬ ಕಥೆ ಹಾಲಿವುಡ್‌ನಲ್ಲಿ ಓಡಾಡುತ್ತಲೇ ಇದೆ. ಅದರ ಮರುವರ್ಷವೇ 'ದ ಲಾಂಗ್ ವಾಯೇಜ್ ಹೋಮ್'ಗೆ ಫೋರ್ಡ್ ಮತ್ತೆ ಅವರನ್ನೇ ಕರೆದರು.

ಕೆಟ್ಟವನ ಪಾತ್ರವನ್ನೂ ಅವರು ಹೇಗೆ ಮಾಡುತ್ತಿದ್ದರು ಅಂತ ನೋಡಬೇಕಾದರೆ 1952ರ 'ಹೈ ನೂನ್' ಇದೆ. ಗ್ಯಾರಿ ಕೂಪರ್ ಊರಿನ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ, ತನ್ನನ್ನು ಕೊಲ್ಲಲು ಬರುತ್ತಿರುವವರ ಎದುರು ನಿಲ್ಲಲು ಜನ ಕೇಳಿಕೊಂಡು ಚರ್ಚಿಗೆ ಬರುತ್ತಾನೆ. ಮಿಚೆಲ್ ಊರಿನ ಮೇಯರ್, ಮಾರ್ಷಲ್‌ನ ಗೆಳೆಯ. ಮಕ್ಕಳನ್ನು ಹೊರಗೆ ಆಡಲು ಕಳಿಸುತ್ತಾನೆ. ಎಲ್ಲರಿಗೂ ಮಾತಾಡಲು ಬಿಡುತ್ತಾನೆ. ಆಮೇಲೆ ತಾನು ಎದ್ದು, ಇಂಥ ಮಾರ್ಷಲ್ ನಮಗೆ ಯಾವತ್ತೂ ಸಿಕ್ಕಿರಲಿಲ್ಲ, ನಾವು ಇವನಿಗೆ ಋಣಿಗಳು ಅನ್ನುತ್ತಾನೆ. ನಮಗೆ ಜೀವ ಬಂದಂತಾಗುತ್ತದೆ. ಮಾತು ಹಾಗೇ ಹರಿಯುತ್ತಾ ಊರಿಗೆ ಅಂಗಡಿ ಬರುತ್ತದೆ, ಕಾರ್ಖಾನೆ ಬರುತ್ತದೆ, ದುಡ್ಡು ಹಾಕುವವರು ಬೀದಿಯಲ್ಲಿ ಗುಂಡು ಹಾರಿದ ಸುದ್ದಿ ಓದಿದರೆ ಏನಂದುಕೊಳ್ಳುತ್ತಾರೆ ಎಂಬಲ್ಲಿಗೆ ಬರುತ್ತದೆ. ಕೊನೆಗೆ, ಸಮಯ ಇರುವಾಗಲೇ ನೀನು ಊರು ಬಿಡು, ನಿನಗೂ ಒಳ್ಳೆಯದು ನಮಗೂ ಒಳ್ಳೆಯದು ಎಂದು ಮುಗಿಯುತ್ತದೆ. ದನಿ ಒಂದು ಕಡೆಯೂ ಬದಲಾಗಿಲ್ಲ. ಅದೇ ಪ್ರೀತಿ, ಅದೇ ಕಾಳಜಿ. ಸಭೆಗಳಲ್ಲಿ ಇಂಥವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಡಾಕ್ ಬೂನ್ ಆಗಿ ನಾವು ಇಷ್ಟಪಟ್ಟ ಅದೇ ಮುಖ ಇಲ್ಲಿ ಬೆನ್ನು ತೋರಿಸಿದಾಗ ನೋವು ಇಮ್ಮಡಿ ಆಗುತ್ತದೆ. ಯಾರನ್ನು ಆ ಪಾತ್ರಕ್ಕೆ ಹಾಕಬೇಕು ಅಂತ ನಿರ್ಧರಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತ ನನ್ನ ನಂಬಿಕೆ.

ನಾಟಕವನ್ನು ಅವರು ಯಾವತ್ತೂ ಬಿಡಲಿಲ್ಲ. ಆರ್ಥರ್ ಮಿಲ್ಲರ್ ಅವರ 'ಡೆತ್ ಆಫ್ ಅ ಸೇಲ್ಸ್‌ಮನ್' ತಂಡ ಅಮೆರಿಕ ಸುತ್ತಿದಾಗ ಅದರ ಮುಖ್ಯ ಪಾತ್ರ ವಿಲ್ಲಿ ಲೋಮನ್ ಆಗಿ ಹೋದವರು ಮಿಚೆಲ್. 1953ರಲ್ಲಿ ಟಿವಿ ಕೆಲಸಕ್ಕೆ ಎಮ್ಮಿ ಬಂತು, ಅದೇ ವರ್ಷ 'ಹೇಜಲ್ ಫ್ಲ್ಯಾಗ್' ಎಂಬ ಸಂಗೀತ ನಾಟಕಕ್ಕೆ ಟೋನಿ. ಸಿನಿಮಾ, ಟಿವಿ, ರಂಗಭೂಮಿ ಮೂರರಲ್ಲೂ ನಟನೆಗೆ ಈ ದೊಡ್ಡ ಪ್ರಶಸ್ತಿಗಳನ್ನು ಗೆದ್ದ ಮೊದಲ ಗಂಡಸು ಅವರು. ಗಮನಿಸಿ, ಎಮ್ಮಿ ಮತ್ತು ಟೋನಿ ಎರಡೂ ಬಂದದ್ದು ಮುಖ್ಯ ನಟನಾಗಿ. ಹೀರೋ ಆಗುವ ಶಕ್ತಿ ಇತ್ತಾ ಎಂಬ ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ. ಸಿನಿಮಾ ಕೊಡದ ಜಾಗವನ್ನು ರಂಗ ಕೊಟ್ಟಿತು.

ಕೊನೆಯ ವರ್ಷದ್ದು ನನಗೆ ತುಂಬಾ ಪ್ರಿಯವಾದ ವಿಷಯ. 1962ರಲ್ಲಿ ಅವರು 'ಪ್ರಿಸ್ಕ್ರಿಪ್ಷನ್: ಮರ್ಡರ್' ಎಂಬ ನಾಟಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಪಾತ್ರ ಮಾಡಿದರು. ಹೆಸರು ಕೊಲಂಬೊ. ಹೌದು, ಮುಂದೆ ಟಿವಿಯಲ್ಲಿ ಹೆಸರಾದ ಪತ್ತೇದಾರ, ಆ ಕೊಲಂಬೊ. ನಾಟಕದ ಮುಖ್ಯ ಪಾತ್ರ ಕೊಲೆ ಮಾಡುವ ಡಾಕ್ಟರಿನದು, ಮಾಡಿದವರು ಜೋಸೆಫ್ ಕಾಟನ್. ಪೊಲೀಸಿನವನದು ಪೋಷಕ ಪಾತ್ರ. ಆದರೆ ಜನ ಮಿಚೆಲ್ ಅವರನ್ನು ಹಚ್ಚಿಕೊಂಡರು. ಅವರು ಆ ನಾಟಕವನ್ನು ಬ್ರಾಡ್‌ವೇಗೆ ಒಯ್ಯಲು ಉಳಿಯಲಿಲ್ಲ. ಕ್ಯಾನ್ಸರ್ ಆಗಿ 1962ರ ಡಿಸೆಂಬರ್ 17ರಂದು ತೀರಿಕೊಂಡರು, 70ರ ವಯಸ್ಸಿನಲ್ಲಿ. ಅದಕ್ಕೆ ಎರಡೇ ದಿನ ಮೊದಲು, 15ರಂದು, ಅದೇ ಕಾಯಿಲೆಯಿಂದ ಚಾರ್ಲ್ಸ್ ಲಾಟನ್ ಹೋಗಿದ್ದರು. ನೋಟ್ರಡಾಮಿನ ಗೂನುಬೆನ್ನಿನವನೂ ಭಿಕ್ಷುಕರ ರಾಜನೂ ಒಂದೇ ವಾರದಲ್ಲಿ ಹೊರಟುಹೋದರು.

1968ರಲ್ಲಿ ಆ ನಾಟಕ ಟಿವಿಗೆ ಬಂದಾಗ ಕೊಲಂಬೊ ಆದವರು ಪೀಟರ್ ಫಾಕ್. ಮುಂದಿನದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಮಿಚೆಲ್ ಅವರ ಕೊನೆಯ ಸಿನಿಮಾ 1961ರ 'ಪಾಕೆಟ್‌ಫುಲ್ ಆಫ್ ಮಿರಾಕಲ್ಸ್', ನಿರ್ದೇಶನ ಅದೇ ಫ್ರಾಂಕ್ ಕಾಪ್ರಾ, ಮತ್ತು ಅದರಲ್ಲಿ ಪೀಟರ್ ಫಾಕ್ ಕೂಡ ಇದ್ದಾರೆ. ಇಬ್ಬರು ಕೊಲಂಬೊಗಳು ಒಂದೇ ಸಿನಿಮಾದಲ್ಲಿ. ಆಗಿನ್ನೂ ಇಬ್ಬರೂ ಕೊಲಂಬೊ ಆಗಿರಲಿಲ್ಲ.

ಎಲ್ಲಿಂದ ಶುರು ಮಾಡುವುದು? ಮೂರು ನೋಡಿದ್ದೀರಿ, ಈಗ 'ಓನ್ಲಿ ಏಂಜೆಲ್ಸ್ ಹ್ಯಾವ್ ವಿಂಗ್ಸ್' ನೋಡಿ. ದಕ್ಷಿಣ ಅಮೆರಿಕದ ಒಂದು ಸಣ್ಣ ಬಂದರು, ಮಂಜು ಕವಿದ ಬೆಟ್ಟಗಳ ಮೇಲೆ ಟಪಾಲು ಹೊತ್ತು ಹಾರುವ ಪೈಲಟ್‌ಗಳು. ಮಿಚೆಲ್ ಮಾಡಿದ ಕಿಡ್‌ಗೆ ಕಣ್ಣು ಕೈಕೊಡುತ್ತಿದೆ, ಆದರೂ ಹಾರುವುದು ಬಿಡಲು ಮನಸ್ಸಿಲ್ಲ. ಸಿನಿಮಾದ ಕೊನೆಯ ಭಾಗದಲ್ಲಿ ವಿಮಾನ ಅಪಘಾತವಾಗಿ ಅವನ ಕುತ್ತಿಗೆ ಮುರಿದಿದೆ, ಮೇಜಿನ ಮೇಲೆ ಮಲಗಿಸಿದ್ದಾರೆ. ಉಳಿದವರನ್ನೆಲ್ಲ ಹೊರಗೆ ಕಳಿಸಿ ಕ್ಯಾರಿ ಗ್ರಾಂಟ್ ಒಬ್ಬರೇ ಪಕ್ಕದಲ್ಲಿ ಉಳಿಯುತ್ತಾರೆ. ಕಿಡ್ ಅವರನ್ನೂ ಹೊರಗೆ ಹೋಗು ಅನ್ನುತ್ತಾನೆ. ಇದು ಹೊಸ ಕೆಲಸ, ಮೊದಲನೇ ಸಲ ಒಬ್ಬನೇ ವಿಮಾನ ಹಾರಿಸಿದಾಗಿನ ಹಾಗೆ, ಆಗಲೂ ಯಾರೂ ನೋಡುತ್ತಿರುವುದು ನನಗೆ ಬೇಕಿರಲಿಲ್ಲ ಅನ್ನುತ್ತಾನೆ. ಗ್ರಾಂಟ್ ಎದ್ದು ಹೋಗುತ್ತಾರೆ.

ಗ್ರಾಂಟ್ ಹೊರಗೆ ಹೋದ ಮೇಲೂ ಸಿನಿಮಾ ನಿಲ್ಲಿಸಬೇಡಿ. ಕಿಡ್‌ನ ಜೇಬಿನಲ್ಲಿ ಎರಡೂ ಕಡೆ ಒಂದೇ ಮುಖ ಇರುವ ಒಂದು ನಾಣ್ಯ ಇರುತ್ತಿತ್ತು. ಅದು ಕೊನೆಯಲ್ಲಿ ಯಾರ ಕೈಗೆ ಬರುತ್ತದೆ, ಏನು ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ನೋಡಿ ಬರೆಯಿರಿ.